ಕಾರಿಗೆ ಹಸಿರು, ಬೈಕಿಗೆ ಕೆಂಪು: ಸಿಗ್ನಲ್‌ ಕಣ್ಣಿಗೆ ಬೀಳುವುದು ಹೇಗೆ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಿಗ್ನಲ್‌ ಮುಂದೆ ಕಾಯುವ ದ್ವಿಚಕ್ರ ಸವಾರರವು. ಬೇರೆ ವಿಷಯದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕಷ್ಟೇ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಮಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಓದುತ್ತಿದ್ದಾನೆ. ರಾತ್ರಿ ಬೈಕಿನಲ್ಲಿ ರೂಮಿಗೆ ಬರುವಾಗ ಒಂದು ಅಡ್ಡರಸ್ತೆಯ ಸಿಗ್ನಲ್‌ ಅವನಿಗೆ ಹಸಿರು ಕೊಡುವುದೇ ಇಲ್ಲವಂತೆ. ಹಿಂದಿನಿಂದ ಕಾರೊಂದು ಬಂದು ನಿಂತರೆ ಸ್ವಲ್ಪ ಹೊತ್ತಿನಲ್ಲೇ ಬದಲಾಗುತ್ತದಂತೆ. ಬೈಕಿನ ಭಾರ ಸಾಲುವುದಿಲ್ಲವೇ? – ಕುಲಶೇಖರದ ಓದುಗರು

ಉತ್ತರ: ಭಾರಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ರಸ್ತೆಯ ಅಡಿಯಲ್ಲಿ ಇರುವುದು ತಕ್ಕಡಿಯಲ್ಲ, ತಂತಿಯ ಸುರುಳಿ. ಸ್ಟಾಪ್‌ ಲೈನಿನ ಹಿಂದೆ ಡಾಂಬರನ್ನು ಗರಗಸದ ಯಂತ್ರದಿಂದ ಸೀಳಿ, ಸಾಮಾನ್ಯವಾಗಿ 1.8 ಮೀಟರ್‌ ಚೌಕದಲ್ಲಿ, ಇನ್ಸುಲೇಷನ್‌ ಇರುವ ತಾಮ್ರದ ತಂತಿಯನ್ನು ಮೂರೋ ನಾಲ್ಕೋ ಸುತ್ತು ಹಾಕಿ ಮೇಲಿನಿಂದ ಸೀಲಂಟ್‌ ಸುರಿದು ಮುಚ್ಚಿರುತ್ತಾರೆ. ಇದಕ್ಕೆ ಲೂಪ್‌ ಎನ್ನುತ್ತಾರೆ. ರಸ್ತೆ ಬದಿಯ ಪೆಟ್ಟಿಗೆಯಲ್ಲಿರುವ, ವಾಹನ ಗುರುತಿಸುವ ಡಿಟೆಕ್ಟರ್‌ ಆ ತಂತಿಯಲ್ಲಿ ಹತ್ತಾರು ಕಿಲೋಹರ್ಟ್ಸ್‌ ಆವರ್ತನದ ಸಣ್ಣ ವಿದ್ಯುತ್ತನ್ನು ಹರಿಸುತ್ತಲೇ ಇರುತ್ತದೆ. ಲೋಹದ ವಸ್ತು ಹತ್ತಿರ ಬಂದರೆ ಆ ಲೋಹದೊಳಗೇ ವಿದ್ಯುತ್ತಿನ ಸುಳಿಗಳು ಏಳುತ್ತವೆ. ಅವು ಲೂಪಿನ ಕಾಂತಕ್ಷೇತ್ರಕ್ಕೆ ಎದುರು ನಿಲ್ಲುವುದರಿಂದ, ವಿದ್ಯುತ್ತಿನ ಏರಿಳಿತಕ್ಕೆ ಸುರುಳಿ ಒಡ್ಡುವ ತಡೆ, ಅಂದರೆ ಅದರ ಇಂಡಕ್ಟನ್ಸ್‌ ಇಳಿಯುತ್ತದೆ, ಆವರ್ತನ ಏರುತ್ತದೆ. ಡಿಟೆಕ್ಟರ್‌ ಗಮನಿಸುವುದು ಈ ಏರಿಕೆಯನ್ನು ಮಾತ್ರ.

ಕಾರಿನ ತಳ ಅಗಲವಾದ ತಗಡು. ಲೂಪಿನ ಮೇಲೆ ಮುಚ್ಚಳ ಹಾಕಿದ ಹಾಗೆ ನಿಲ್ಲುತ್ತದೆ. ಇಂಡಕ್ಟನ್ಸ್‌ ಸುಮಾರು ನೂರಕ್ಕೆ ಮೂರು ಪಾಲು ಇಳಿಯುತ್ತದೆ. ಸಣ್ಣ ಬೈಕಿನಿಂದ ಆಗುವ ಬದಲಾವಣೆ ಸಾವಿರಕ್ಕೆ ಒಂದು ಪಾಲಿನ ಆಸುಪಾಸು. ಡಿಟೆಕ್ಟರಿನ ಸೂಕ್ಷ್ಮತೆಯನ್ನು ತಗ್ಗಿಸಿ ಇಟ್ಟಿದ್ದರೆ ಅಷ್ಟು ಸಣ್ಣ ಬದಲಾವಣೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಸೂಕ್ಷ್ಮತೆ ತಗ್ಗಿಸುವುದಕ್ಕೂ ಕಾರಣ ಇದೆ. ತೀರಾ ಹೆಚ್ಚಿಸಿದರೆ ಪಕ್ಕದ ಲೇನಿನ ಲಾರಿಯನ್ನೂ ಈ ಲೇನಿನದ್ದೆಂದು ಲೆಕ್ಕ ಹಿಡಿಯುತ್ತದೆ.

ಹಾಗಾಗಿ ನಿಮ್ಮ ಮಗನ ಕೈಯಲ್ಲಿ ಇರುವುದು ನಿಲ್ಲುವ ಜಾಗ. ಹೆಚ್ಚಿನ ಸವಾರರು ತಪ್ಪುವುದೂ ಇಲ್ಲೇ. ಚೌಕದ ನಟ್ಟನಡುವೆ ನಿಂತರೆ ಚೆನ್ನಾಗಿ ಕಾಣುತ್ತೇವೆ ಎಂದು ಅನಿಸುತ್ತದೆ, ಆದರೆ ಬೈಕಿಗೆ ಅದೇ ಎಲ್ಲಕ್ಕಿಂತ ಕೆಟ್ಟ ಜಾಗ. ನಡುವಿನಲ್ಲಿ ಲೂಪಿನ ಕ್ಷೇತ್ರ ನೆಲದಿಂದ ನೇರ ಮೇಲಕ್ಕೆ ಏಳುತ್ತದೆ. ಬೈಕಿನ ಚಕ್ರ, ಫ್ರೇಮು ಎಲ್ಲ ತೆಳ್ಳಗೆ ಲಂಬವಾಗಿ ನಿಂತಿರುವ ಲೋಹವಾದ್ದರಿಂದ ಕ್ಷೇತ್ರ ಅವುಗಳನ್ನು ತೂರದೆ ಪಕ್ಕದಿಂದ ಜಾರಿ ಹೋಗುತ್ತದೆ. ತಂತಿಯ ನೆತ್ತಿಯ ಮೇಲೆ ಹಾಗಲ್ಲ. ಅಲ್ಲಿ ಕ್ಷೇತ್ರ ತಂತಿಯನ್ನು ಸುತ್ತುವರಿದು ಅಡ್ಡಡ್ಡ ಹಾಯುತ್ತದೆ, ಚಕ್ರದ ರಿಮ್ಮಿನ ಬಳೆಯೊಳಗಿಂದ ನೇರವಾಗಿ ತೂರುತ್ತದೆ. ಆದ್ದರಿಂದ ಪ್ರಯಾಣದ ದಿಕ್ಕಿಗೆ ಉದ್ದಕ್ಕೆ ಇರುವ ಸೀಳಿನ ಗೆರೆಯ ಮೇಲೆ ಎರಡೂ ಚಕ್ರ ಕೂರುವಂತೆ ನಿಲ್ಲಬೇಕು. ಎಡಗೆರೆಯೋ ಬಲಗೆರೆಯೋ, ಎರಡೂ ಒಂದೇ.

ಗೆರೆಯ ಆಕಾರವನ್ನೂ ನೋಡಿಕೊಳ್ಳಲಿ. ಉದ್ದನೆಯ ಆಯತ ಇದ್ದು ಅದರ ನಡುವೆ ಇನ್ನೊಂದು ಉದ್ದ ಗೆರೆ ಇದ್ದರೆ ಆ ನಡುಗೆರೆಯೇ ಒಳ್ಳೆಯದು, ಯಾಕೆಂದರೆ ಅಲ್ಲಿ ಎರಡು ಸುರುಳಿಯ ತಂತಿಗಳೂ ಸೇರುತ್ತವೆ. ವೃತ್ತಾಕಾರವಾದರೆ ಅದರ ಎಡ ಅಥವಾ ಬಲ ಅಂಚಿನಲ್ಲಿ, ಗೆರೆ ದಾರಿಗೆ ಸಮನಾಗಿ ಓಡುವ ಕಡೆ ನಿಲ್ಲಬೇಕು. ಚೌಕದೊಳಗೆ ಓರೆಗೆರೆಗಳಿದ್ದರೆ ಸೈಕಲಿಗೂ ಒಗ್ಗುವ ಹಾಗೆ ಮಾಡಿದ್ದು, ನಡುವೆ ನಿಂತರೂ ನಡೆಯುತ್ತದೆ.

ಮೇಲೆ ಹೊಸ ಡಾಂಬರು ಹಾಕಿ ಗೆರೆ ಮುಚ್ಚಿಹೋಗಿದ್ದರೆ ಲೆಕ್ಕ ಹಾಕಬೇಕು. ಅಲ್ಲಿನ ಲೇನು ಸಾಮಾನ್ಯವಾಗಿ 3.6 ಮೀಟರ್‌ ಅಗಲ. 1.8 ಮೀಟರಿನ ಚೌಕ ಅದರ ಮಧ್ಯದಲ್ಲಿದ್ದರೆ ಎರಡೂ ಬದಿಯಲ್ಲಿ 90 ಸೆಂಟಿಮೀಟರ್‌ ಉಳಿಯುತ್ತದೆ. ಕಾರಿನ ಚಕ್ರ ಉರುಳಿ ಹೊಳಪಾದ ಪಟ್ಟಿಯ ಸ್ವಲ್ಪ ಹೊರಗೆ ಆ ಗೆರೆ ಸಿಗುತ್ತದೆ.

ಒಮ್ಮೆ ನಿಂತ ಮೇಲೆ ಸ್ಟಾಪ್‌ ಲೈನ್‌ ದಾಟಿ ಮುಂದೆ ಜರುಗಬಾರದು. ಎಷ್ಟೋ ಕಡೆ ಲೂಪಿನಿಂದ ಇಳಿದ ಕ್ಷಣವೇ ಪೆಟ್ಟಿಗೆ ಹಸಿರಿನ ಬೇಡಿಕೆಯನ್ನು ಅಳಿಸಿಬಿಡುತ್ತದೆ. ಸಿಗ್ನಲಿನ ಒಂದು ಸುತ್ತು ಕಾದರೂ ಹಸಿರು ಬಾರದಿದ್ದರೆ ಬೈಕನ್ನು ಗೆರೆಯ ಮೇಲೆಯೇ ಸ್ವಲ್ಪ ಓರೆಯಾಗಿ ವಾಲಿಸಬಹುದು, ಲೋಹ ನೆಲಕ್ಕೆ ಹತ್ತಿರವಾಗಿ ಅಡ್ಡ ಮಲಗಿದಷ್ಟೂ ಗುರುತು ಬಲವಾಗುತ್ತದೆ. ಹಿಂದೆ ಕಾರು ಇದ್ದರೆ ಬದಿಗೆ ಸರಿದು ಅದರ ಮೂತಿ ಲೂಪಿನ ಮೇಲೆ ಬರುವಂತೆ ಕೈ ಮಾಡಲಿ. ಯಾರೂ ಇಲ್ಲದಿದ್ದರೆ ಇಳಿದು, ತಾನು ಹೋಗಬೇಕಾದ ದಿಕ್ಕಿಗೇ ರಸ್ತೆ ದಾಟುವ ಪಾದಚಾರಿಗಳ ಗುಂಡಿ ಒತ್ತಲಿ. ಆ ದಿಕ್ಕಿಗೆ ಹಸಿರು ತರಿಸುವುದು ಅದೇ.

ಪ್ರಶ್ನೆ: ಇಂಥ ತಂತಿ ನಮ್ಮ ಉಡುಪಿ, ಮಂಗಳೂರಿನ ಸಿಗ್ನಲ್‌ಗಳಲ್ಲೂ ಇದೆಯೇ? ಕಲ್ಸಂಕದಲ್ಲಿ ಎಷ್ಟು ಸಲ ನೋಡಿದರೂ ರಸ್ತೆಯ ಮೇಲೆ ಸೀಳು ಕಾಣಲಿಲ್ಲ. – ಬ್ರಹ್ಮಗಿರಿಯ ಓದುಗರು

ಉತ್ತರ: ಸೀಳು ಹುಡುಕುವ ಮೊದಲು ತಲೆ ಎತ್ತಿ ಸೆಕೆಂಡು ಎಣಿಸುವ ಹಲಗೆಯನ್ನು ನೋಡಿ. ಎಣಿಕೆ 90ರಿಂದ ಶುರುವಾಗಿ ಒಂದೊಂದೇ ಇಳಿದು ಸೊನ್ನೆಗೆ ಬರುತ್ತದೆ ಎಂದಾದರೆ ಆ ಸರದಿಯ ಅವಧಿ ಮೊದಲೇ ತೀರ್ಮಾನವಾಗಿದೆ. ನೀವು ಎಡಕ್ಕೆ ನಿಂತರೂ ಬಲಕ್ಕೆ ನಿಂತರೂ, ಬಸ್ಸಿನಲ್ಲಿ ಬಂದರೂ ನಡೆದೇ ಬಂದರೂ ಅದು ಬದಲಾಗುವುದಿಲ್ಲ. ವಾಹನ ನೋಡಿ ಆಗಿಂದಾಗ್ಗೆ ನಿರ್ಧರಿಸುವ ಸಿಗ್ನಲ್ಲಿಗೆ ಮುಂದಿನ ಹಸಿರು ಎಷ್ಟು ಸೆಕೆಂಡಿಗೆ ಬರುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲ. ಅಂಥ ಕಡೆ ಹಲಗೆ ಇರುವುದಿಲ್ಲ, ಇದ್ದರೂ ಕೊನೆಯ ಕೆಲವು ಸೆಕೆಂಡು ಮಾತ್ರ ತೋರಿಸುತ್ತದೆ, ಇಲ್ಲವೇ ಎಣಿಕೆ ನಡುವೆ ಜಿಗಿಯುತ್ತದೆ.

ಹಲಗೆ ಇಲ್ಲದಿದ್ದರೆ ಮೊಬೈಲಿನ ಸ್ಟಾಪ್‌ವಾಚ್‌ ಸಾಕು. ಒಂದೇ ಗಂಟೆಯೊಳಗೆ ನಾಲ್ಕೈದು ಕೆಂಪುಗಳ ಉದ್ದ ಅಳೆಯಿರಿ. ವಾಹನ ಹೆಚ್ಚು ಕಡಿಮೆ ಆದರೂ ಉದ್ದ ಒಂದೇ ಬಂದರೆ ಅದು ಗಡಿಯಾರದ ಸಿಗ್ನಲ್‌. ಬೆಳಗ್ಗೆ ಅಳೆದದ್ದನ್ನು ರಾತ್ರಿಯದ್ದಕ್ಕೆ ಹೋಲಿಸಬೇಡಿ, ಗಡಿಯಾರದ ಸಿಗ್ನಲ್ಲಿಗೂ ಬೆಳಗ್ಗೆ, ಮಧ್ಯಾಹ್ನ, ರಾತ್ರಿಗೆ ಬೇರೆ ಬೇರೆ ಪಟ್ಟಿ ಹಾಕಿರುತ್ತಾರೆ.

ನಮ್ಮ ದೇಶದಲ್ಲಿ ಈಚೆಗೆ ಹರಡುತ್ತಿರುವುದು ತಂತಿಗಿಂತ ಹೆಚ್ಚಾಗಿ ಕ್ಯಾಮೆರಾ. ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ ರೂಪಿಸಿದ ಕೊಸಿಕಾಸ್ಟ್‌ ವ್ಯವಸ್ಥೆ ಬೆಂಗಳೂರಿನ ಹಲವು ಜಂಕ್ಷನ್‌ಗಳಲ್ಲಿ ಕ್ಯಾಮೆರಾ ಎಣಿಸಿದ ವಾಹನ ನೋಡಿ ಹಸಿರಿನ ಅವಧಿ ಹೊಂದಿಸುತ್ತದೆ. ಆದರೆ ಕಂಬದಲ್ಲಿ ಕ್ಯಾಮೆರಾ ಕಂಡ ಮಾತ್ರಕ್ಕೆ ಅದು ಹಸಿರು ಕೊಡುವ ಕ್ಯಾಮೆರಾ ಎಂದು ತಿಳಿಯಬೇಡಿ. ನಂಬರ್‌ ಪ್ಲೇಟ್‌ ಓದುವ ಕ್ಯಾಮೆರಾವೂ ಅಲ್ಲೇ ಇರಬಹುದು.

ಕ್ಯಾಮೆರಾ ಸಿಗ್ನಲ್‌ ಇರುವಲ್ಲಿ ಬೈಕಿನವರು ಒಂದು ಮಾತು ನೆನಪಿಡಬೇಕು. ಕ್ಯಾಮೆರಾದ ಚಿತ್ರ ಮೂಡುವ ಪರದೆಯ ಮೇಲೆ ಸ್ಟಾಪ್‌ ಲೈನಿನ ಹಿಂದಿನ ಜಾಗಕ್ಕೆ ಒಂದು ಚೌಕ ಎಳೆದಿರುತ್ತಾರೆ. ಆ ಚೌಕದೊಳಗೆ ಇದ್ದವರನ್ನಷ್ಟೇ ಯಂತ್ರ ಲೆಕ್ಕ ಹಿಡಿಯುತ್ತದೆ. ನಮ್ಮೂರಿನಲ್ಲಿ ಬೈಕುಗಳು ಬಸ್ಸುಗಳ ಸಂದಿಯಲ್ಲಿ ನುಸುಳಿ ಝೀಬ್ರಾ ಪಟ್ಟೆಯ ಮೇಲೆ, ಕೆಲವೊಮ್ಮೆ ಅದನ್ನೂ ದಾಟಿ ನಿಲ್ಲುತ್ತವೆ. ಅಲ್ಲಿ ನಿಂತ ಇಪ್ಪತ್ತು ಬೈಕೂ ಯಂತ್ರದ ಪಾಲಿಗೆ ಇಲ್ಲವೇ ಇಲ್ಲ. ನಡೆದು ದಾಟುವವರ ದಾರಿಯನ್ನು ಕಸಿದುಕೊಂಡದ್ದು ಬೇರೆ. ಬಸ್ಸಿನ ಬಾಲದ ಹಿಂದೆ ಅಂಟಿ ನಿಂತರೂ ಕ್ಯಾಮೆರಾಕ್ಕೆ ಮರೆ. ಸ್ವಲ್ಪ ಪಕ್ಕಕ್ಕೆ, ಕಂಬ ನಿಮಗೆ ಕಾಣುವಷ್ಟು ಸರಿದು ನಿಲ್ಲಿ. 2017ರ ಏಪ್ರಿಲ್‌ನಿಂದ ತಯಾರಾದ ದ್ವಿಚಕ್ರಗಳಲ್ಲಿ ಹೆಡ್‌ಲೈಟ್‌ ತಾನಾಗಿ ಉರಿಯುತ್ತದೆ. ಹಳೆಯ ಬೈಕಿನವರು ರಾತ್ರಿ ಸಿಗ್ನಲ್ಲಿನಲ್ಲಿ ಬ್ಯಾಟರಿ ಉಳಿಸಲೆಂದು ದೀಪ ಆರಿಸಬಾರದು.

ಪ್ರಶ್ನೆ: ಬೈಕಿನ ಅಡಿಗೆ ಅಂಟಿಸುವ ಬಲವಾದ ಅಯಸ್ಕಾಂತವನ್ನು ಆನ್‌ಲೈನ್‌ನಲ್ಲಿ ಮಾರುತ್ತಾರೆ. ಅದರಿಂದ ಸಿಗ್ನಲ್‌ ಬೇಗ ಬದಲಾಗುತ್ತದಂತೆ. ವಿದೇಶದಲ್ಲಿರುವ ತಮ್ಮನಿಗೆ ಒಂದು ಕಳಿಸೋಣವೇ? – ಸುರತ್ಕಲ್‌ನ ಓದುಗರು

ಉತ್ತರ: ಬೇಡ, ದುಡ್ಡು ದಂಡ. ಅಯಸ್ಕಾಂತದ ಕ್ಷೇತ್ರ ಅಲುಗಾಡದೆ ನಿಂತಿರುವಂಥದ್ದು. ಲೂಪ್‌ ನೋಡುವುದು ತಾನು ಎಬ್ಬಿಸಿದ ಓಲಾಡುವ ಕ್ಷೇತ್ರಕ್ಕೆ ಲೋಹ ಎಷ್ಟು ತಡೆ ಒಡ್ಡಿತು ಎಂಬುದನ್ನು. ಆ ಲೆಕ್ಕದಲ್ಲಿ ಅಯಸ್ಕಾಂತವೂ ಅದೇ ಅಳತೆಯ ಇನ್ನೊಂದು ಲೋಹದ ತುಂಡು, ಅಷ್ಟೇ. ಬೆಂಕಿಪೊಟ್ಟಣದಷ್ಟು ಲೋಹದಿಂದ ಆಗುವ ವ್ಯತ್ಯಾಸ ಅಳತೆಗೆ ಸಿಗದು. ಅಂಟಿಸಿದವರಿಗೆ ಒಮ್ಮೊಮ್ಮೆ ಕೆಲಸ ಮಾಡಿದಂತೆ ಕಾಣುವುದು, ಅವರು ಆಗ ಅಕಸ್ಮಾತ್ತಾಗಿ ಗೆರೆಯ ಮೇಲೆ ನಿಂತಿರುವುದರಿಂದ.

ಸೈಡ್‌ ಸ್ಟ್ಯಾಂಡ್‌ ಇಳಿಸುವುದು, ಎಂಜಿನ್‌ ಆಫ್‌ ಮಾಡಿ ಪುನಃ ಸ್ಟಾರ್ಟ್‌ ಮಾಡುವುದು, ಆಕ್ಸಿಲರೇಟರ್‌ ತಿರುವುವುದು – ಇವುಗಳ ಬಗ್ಗೆಯೂ ಕೇಳಿದ್ದೀರಿ. ಎಂಜಿನ್‌ಗೂ ಲೂಪಿಗೂ ಏನೂ ಸಂಬಂಧವಿಲ್ಲ. ಸ್ಟ್ಯಾಂಡಿನ ಸರಳು ಸೀಳಿಗೆ ಹತ್ತಿರ ಹೋಗುತ್ತದಾದರೂ ಅದು ಬಳೆಯಂತೆ ಮುಚ್ಚಿದ ಲೋಹವಲ್ಲ. ಅದರಿಂದ ಸಿಗುವ ಲಾಭ ಬೈಕು ವಾಲಿದ್ದರಿಂದ ಬಂದದ್ದು. ಸ್ಟ್ಯಾಂಡ್‌ ಎತ್ತಲು ಮರೆತು ಹೊರಟರೆ ಮೊದಲ ತಿರುವಿನಲ್ಲೇ ಬೀಳುತ್ತೀರಿ, ಹಾಗಾಗಿ ಆ ದಾರಿ ಹಿಡಿಯಬೇಡಿ.

ಭೌತಶಾಸ್ತ್ರ ಒಪ್ಪುವ ಉಪಾಯ ಒಂದಿದೆ: ಎಂಜಿನ್ನಿನ ಕೆಳಗೆ ನೆಲಕ್ಕೆ ಸಮತಲವಾಗಿ ಕಟ್ಟಿದ ದಪ್ಪ ತಾಮ್ರದ ತಂತಿಯ ಬಳೆ. 4 ಚದರ ಮಿಲಿಮೀಟರಿನ ತಂತಿಯನ್ನು ಸುಮಾರು 30 ಸೆಂಟಿಮೀಟರ್‌ ಅಗಲ, 50 ಸೆಂಟಿಮೀಟರ್‌ ಉದ್ದಕ್ಕೆ ಸುತ್ತಿ ಎರಡೂ ತುದಿಯನ್ನು ಬೆಸುಗೆ ಹಾಕಿ ಸೇರಿಸಬೇಕು. ತುದಿ ಬಿಟ್ಟುಕೊಂಡರೆ ಬಳೆಯಲ್ಲಿ ವಿದ್ಯುತ್‌ ಸುತ್ತಲಾರದು, ಕಟ್ಟಿದ್ದೂ ವ್ಯರ್ಥ. ಸೈಲೆನ್ಸರ್‌ನಿಂದಲೂ ಚೈನಿನಿಂದಲೂ ದೂರ ಇರಬೇಕು. ಸೈಲೆನ್ಸರ್‌ ತಗುಲಿದರೆ ಇನ್ಸುಲೇಷನ್‌ ಕರಗುತ್ತದೆ, ಸಡಿಲಾಗಿ ಚೈನಿಗೆ ಸಿಕ್ಕಿದರೆ ಹಿಂದಿನ ಚಕ್ರವೇ ಬಿಗಿಯಬಹುದು. ಎಂಜಿನ್ನಿನ ಅಡಿಯ ಮುಚ್ಚಳವಾದ ಅಗಲ ಬೆಲ್ಲಿಪ್ಯಾನ್‌ ಇರುವ ಬೈಕುಗಳಿಗಷ್ಟೇ ಇದನ್ನು ನೆಮ್ಮದಿಯಿಂದ ಕಟ್ಟಬಹುದು. ನಮ್ಮ ಹಂಪುಗಳ ಮೇಲೆ ಇದನ್ನು ಕಟ್ಟಿಕೊಂಡು ಓಡಾಡುವ ಸಲಹೆ ಖಂಡಿತ ಕೊಡುವುದಿಲ್ಲ.

ಪ್ರಶ್ನೆ: ನನ್ನದು ಎಲೆಕ್ಟ್ರಿಕ್‌ ಸ್ಕೂಟರ್‌. ಮೈಯೆಲ್ಲ ಪ್ಲಾಸ್ಟಿಕ್‌, ಒಳಗಿನ ಫ್ರೇಮು ಅಲ್ಯೂಮಿನಿಯಂ ಅಂತೆ. ಕಬ್ಬಿಣವೇ ಇಲ್ಲದ್ದನ್ನು ಲೂಪ್‌ ಗುರುತಿಸುವುದೇ? – ಮಣಿಪಾಲದ ವಿದ್ಯಾರ್ಥಿನಿ

ಉತ್ತರ: ಗುರುತಿಸುತ್ತದೆ. ಲೂಪಿಗೆ ಬೇಕಾದದ್ದು ವಿದ್ಯುತ್ತನ್ನು ಚೆನ್ನಾಗಿ ಹರಿಸುವ ಲೋಹ. ಅಲ್ಯೂಮಿನಿಯಂ ಆ ವಿಷಯದಲ್ಲಿ ಉಕ್ಕಿಗಿಂತ ಮೇಲು. ಸ್ಕೂಟರಿಗೆ ತೊಡಕು ಬರುವುದು ಚಕ್ರ ಚಿಕ್ಕದೆಂಬ ಕಾರಣಕ್ಕೆ. 10 ಅಥವಾ 12 ಇಂಚಿನ ರಿಮ್ಮಿನ ಬಳೆ ಬೈಕಿನ 17 ಇಂಚಿನದ್ದಕ್ಕಿಂತ ಬಹಳ ಕಡಿಮೆ ಕ್ಷೇತ್ರವನ್ನು ಹಿಡಿಯುತ್ತದೆ, ಆದ್ದರಿಂದ ಗೆರೆಯಿಂದ ಒಂದು ಗೇಣು ಆಚೀಚೆ ಆದರೂ ಗುರುತು ತಪ್ಪಬಹುದು. ಎರಡೂ ಚಕ್ರ ಕರಾರುವಾಕ್ಕಾಗಿ ಗೆರೆಯ ಮೇಲೆ ಇರಲಿ. ಕಾರ್ಬನ್‌ ಫೈಬರ್‌ ಸೈಕಲ್‌ ಕೂಡ ರಿಮ್‌ ಅಲ್ಯೂಮಿನಿಯಂ ಆಗಿದ್ದರೆ ಈ ರೀತಿಯಲ್ಲೇ ಸಿಕ್ಕಿಬೀಳುತ್ತದೆ. ರಿಮ್ಮೂ ಕಾರ್ಬನ್‌ ಆದರೆ ಕಷ್ಟ.

ಕೆಲವು ಕಡೆ ಲೂಪಿನ ಬದಲು ರಸ್ತೆಯೊಳಗೆ ಸಣ್ಣ ಡಬ್ಬಿಯಂಥ ಮ್ಯಾಗ್ನೆಟೋಮೀಟರ್‌ ಹೂತಿರುತ್ತಾರೆ. ಭೂಮಿಯ ಕಾಂತಕ್ಷೇತ್ರ ಕಬ್ಬಿಣದಿಂದ ಎಷ್ಟು ಬಾಗಿತು ಎಂದು ಅದು ನೋಡುತ್ತದೆ. ನಿಮ್ಮ ಸಂಶಯ ಅಲ್ಲಿಗೆ ಸರಿ ಹೊಂದುತ್ತದೆ, ಅದಕ್ಕೆ ಅಲ್ಯೂಮಿನಿಯಂ ಕಾಣುವುದಿಲ್ಲ. ಅಂಥಲ್ಲಿ ಗೆರೆಯಿಲ್ಲ, ಬೋಗುಣಿಯ ಬಾಯಿಯಷ್ಟು ದುಂಡಗಿನ ಸೀಲಂಟ್‌ ಗುರುತು ಕಾಣುತ್ತದೆ. ನೇರ ಅದರ ಮೇಲೆಯೇ ನಿಲ್ಲಬೇಕು.

ಪ್ರಶ್ನೆ: ಹೆಡ್‌ಲೈಟ್‌ ಡಿಮ್‌-ಬ್ರೈಟ್‌ ಮಾಡಿದರೆ, ಹಾರ್ನ್‌ ಹೊಡೆದರೆ ಸಿಗ್ನಲ್‌ ಬದಲಾಗುತ್ತದೆ ಎನ್ನುವುದು ನಿಜವೇ? – ಬಂಟ್ವಾಳದ ಓದುಗರು

ಉತ್ತರ: ದೀಪದ ಕಥೆ ಹುಟ್ಟಿದ್ದು ಅಮೆರಿಕದ ಆಂಬುಲೆನ್ಸ್‌, ಅಗ್ನಿಶಾಮಕ ವಾಹನಗಳಿಂದ. ಅವುಗಳ ಮೇಲಿನ ವಿಶೇಷ ದೀಪ ಸೆಕೆಂಡಿಗೆ ಸುಮಾರು 14 ಸಲ, ಕರಾರುವಾಕ್ಕಾದ ಲಯದಲ್ಲಿ ಮಿನುಗುತ್ತದೆ. ಕಂಬದ ಮೇಲಿನ ಸಂವೇದಕ ಆ ಲಯವನ್ನೇ ಕಾಯುತ್ತಿರುತ್ತದೆ. ಹೆಬ್ಬೆರಳಿನಲ್ಲಿ ಸ್ವಿಚ್‌ ಒತ್ತಿ ಆ ವೇಗ ತಲುಪಲು ಯಾರಿಂದಲೂ ಆಗದು.

ಹಾರ್ನ್‌ ಹೊಡೆದರೆ ಬದಲಾಗುವ ಸಿಗ್ನಲ್‌ ಮಾತ್ರ ನಿಜಕ್ಕೂ ಇತ್ತು. 1928ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಚಾರ್ಲ್ಸ್‌ ಆಡ್ಲರ್‌ ಎಂಬವರು ಅಡ್ಡರಸ್ತೆಯ ಕಂಬಕ್ಕೆ ಮೈಕ್ರೋಫೋನ್‌ ಕಟ್ಟಿ, ಹಾರ್ನ್‌ ಕೇಳಿದರೆ ಹಸಿರು ಬರುವ ಹಾಗೆ ಮಾಡಿದ್ದರು. ವಾಹನವನ್ನು ಗುರುತಿಸಿ ನಡೆಯುವ ಸಿಗ್ನಲ್‌ಗಳ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಅದಕ್ಕೆ ನೇರ ತದ್ವಿರುದ್ಧವಾದದ್ದು ನಮ್ಮ ಮುಂಬಯಿಯಲ್ಲಿ ನಡೆದದ್ದು. ಕೆಲವು ಸಿಗ್ನಲ್‌ಗಳಿಗೆ ಸದ್ದಳೆಯುವ ಮೀಟರ್‌ ಜೋಡಿಸಿ, ಹಾರ್ನಿನ ಸದ್ದು 85 ಡೆಸಿಬಲ್‌ ಮೀರಿದರೆ ಕೆಂಪಿನ ಎಣಿಕೆ ಮೊದಲಿನಿಂದ ಶುರುವಾಗುವಂತೆ ಮಾಡಿದ್ದನ್ನು ಅಲ್ಲಿನ ಪೊಲೀಸರು 2020ರ ಜನವರಿಯಲ್ಲಿ ಪ್ರಚಾರಪಡಿಸಿದರು. ಇಂದಿನ ಸಿಗ್ನಲ್‌ ಯಾವುದೂ ಹಾರ್ನಿಗೆ ಹಸಿರು ಕೊಡುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಬೈಕಿನವರು ಕಾದು ನೋಡಿ ಕೆಂಪು ದಾಟಬಹುದಂತೆ. ನಮ್ಮಲ್ಲೂ ಹಾಗೆ ಮಾಡಬಹುದೇ? ರಾತ್ರಿ ಹಳದಿ ಮಿನುಗುತ್ತಿದ್ದರೆ ಏನರ್ಥ? – ಮೂಡುಬಿದಿರೆಯ ಓದುಗರು

ಉತ್ತರ: ಅಲ್ಲಿನ ಕೆಲವು ರಾಜ್ಯಗಳಲ್ಲಿ ಮಾತ್ರ. ವಿಸ್ಕಾನ್ಸಿನ್‌ನಲ್ಲಿ ಪೂರ್ತಿ ನಿಂತು 45 ಸೆಕೆಂಡು ಕಾಯಬೇಕು. ವರ್ಜೀನಿಯಾದಲ್ಲಿ 120 ಸೆಕೆಂಡು ಅಥವಾ ಸಿಗ್ನಲಿನ ಎರಡು ಸುತ್ತು. ಇಲಿನಾಯ್‌ನಲ್ಲೂ 120 ಸೆಕೆಂಡು, ಆದರೆ 20 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಕ್ಕೆ ಅನ್ವಯವಿಲ್ಲ, ಅಂದರೆ ಶಿಕಾಗೋದಲ್ಲಿ ಇಲ್ಲ. ಎಲ್ಲ ಕಡೆಯೂ ಎದುರು, ಅಡ್ಡ ಬರುವವರಿಗೆ ದಾರಿ ಬಿಟ್ಟ ಮೇಲೆಯೇ ಹೊರಡಬೇಕು.

ನಮ್ಮಲ್ಲಿ ಅಂಥ ವಿನಾಯಿತಿ ಇಲ್ಲ. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌, 2019ರ ತಿದ್ದುಪಡಿಯ ಬಳಿಕ, ಕೆಂಪು ದೀಪ ದಾಟುವುದನ್ನು ಅಪಾಯಕಾರಿ ಚಾಲನೆ ಎಂದೇ ಹೆಸರಿಸಿದೆ. ಹಳದಿ ಮಿನುಗಿದರೆ ವೇಗ ಇಳಿಸಿ, ಎರಡೂ ಕಡೆ ನೋಡಿ ಹೋಗಿ. ಕೆಂಪು ಮಿನುಗಿದರೆ ಪೂರ್ತಿ ನಿಂತು, ದಾರಿ ಖಾಲಿ ಇದ್ದರೆ ಹೋಗಿ.

ಪ್ರಶ್ನೆ: ನಮ್ಮ ಜಂಕ್ಷನ್ನಿಗೆ ವಾಹನ ಗುರುತಿಸುವ ಸಿಗ್ನಲ್‌ ಬೇಕೆಂದು ಮನವಿ ಕೊಡುವವರಿದ್ದೇವೆ. ರಸ್ತೆ ಕಾಂಕ್ರೀಟಿನದ್ದು. ಬೈಕುಗಳಿಗೂ ಅದು ಕೆಲಸ ಮಾಡಬೇಕಾದರೆ ಏನೇನು ಬರೆಯಬೇಕು? – ಕದ್ರಿಯ ಓದುಗರು

ಉತ್ತರ: ಕೇಳಲೇಬೇಕಾದ ಪ್ರಶ್ನೆ. ನಮ್ಮ ರಸ್ತೆಯಲ್ಲಿ ಹೆಚ್ಚು ಓಡುವುದೇ ದ್ವಿಚಕ್ರ. ಕಾರು ನಿಲ್ಲಿಸಿ ಪರೀಕ್ಷೆ ಮಾಡಿದ ಸಿಗ್ನಲ್‌ ನಮಗೆ ಸಾಲದು. ಒಪ್ಪಿಸಿಕೊಳ್ಳುವ ದಿನ ಪರೀಕ್ಷೆಗೆ 100 ಸಿಸಿ ಬೈಕನ್ನೂ ಸಣ್ಣ ಚಕ್ರದ ಒಂದು ಸ್ಕೂಟರನ್ನೂ ಬಳಸಬೇಕೆಂದು ಬರೆಯಿರಿ. ಪ್ರತಿ ಲೇನಿನ ಎಡ, ನಡು, ಬಲ ಮೂರೂ ಕಡೆ ಹತ್ತು ಹತ್ತು ಸಲ ನಿಲ್ಲಿಸಿ, ಎಷ್ಟು ಸಲ ಗುರುತಾಯಿತೆಂದು ಬರೆದಿಡಬೇಕು. ಹಗಲು ಒಮ್ಮೆ, ರಾತ್ರಿ ಮಳೆಯಲ್ಲಿ ಒಮ್ಮೆ. ಬೇಸಿಗೆಯ ಪರೀಕ್ಷೆಯೊಂದನ್ನೇ ನಂಬಿದರೆ ಆಟಿಯ ಜಡಿಮಳೆಯಲ್ಲಿ ಪಶ್ಚಾತ್ತಾಪ ಪಡಬೇಕಾಗುತ್ತದೆ. ಕ್ಯಾಮೆರಾದ ಗಾಜಿನ ಮೇಲೆ ನೀರು ಇಳಿಯುತ್ತದೆ, ಒದ್ದೆ ರಸ್ತೆಯಲ್ಲಿ ಹೆಡ್‌ಲೈಟಿನ ಪ್ರತಿಬಿಂಬವನ್ನೇ ಯಂತ್ರ ವಾಹನವೆಂದು ಎಣಿಸುವುದೂ ಉಂಟು. ಗಾಜಿಗೆ ಮಳೆಯ ಮರೆ ಇರಬೇಕು, ಒರೆಸುವ ಸರದಿ ಯಾರದ್ದೆಂದು ಕರಾರಿನಲ್ಲೇ ಇರಬೇಕು. ಸಮುದ್ರದ ಉಪ್ಪುಗಾಳಿಯಲ್ಲಿ ಗಾಜು ಬೇಗ ಮಬ್ಬಾಗುತ್ತದೆ.

ಲೂಪ್‌ ಹಾಕುವುದಾದರೆ ಕಾಂಕ್ರೀಟಿನಲ್ಲಿ ನೋಡಬೇಕಾದ ಮೊದಲ ಸಂಗತಿ ಒಳಗಿನ ಕಂಬಿ. ಉಕ್ಕಿನ ಜಾಲರಿ ತಂತಿಗೆ ತೀರಾ ಹತ್ತಿರವಿದ್ದರೆ ಲೂಪಿನ ಶಕ್ತಿಯನ್ನೆಲ್ಲ ಅದೇ ಹೀರುತ್ತದೆ, ಬೈಕಿಗೆ ಏನೂ ಉಳಿಯದು. ಸೀಳಿನ ತಳಕ್ಕೂ ಕಂಬಿಗೂ ನಡುವೆ ಕನಿಷ್ಠ 5 ಸೆಂಟಿಮೀಟರ್‌ ಅಂತರ ಸಿಗುವಂತೆ ಆಳ ನಿಗದಿ ಮಾಡಬೇಕು. ಸೀಳು ಎರಡು ಸ್ಲ್ಯಾಬುಗಳ ನಡುವಿನ ಜಾಯಿಂಟನ್ನು ದಾಟಬಾರದು, ಸ್ಲ್ಯಾಬ್‌ ಬಿಸಿಲಿಗೆ ಹಿಗ್ಗಿ ಕುಗ್ಗಿ ಕೆಲವೇ ಕಾಲದಲ್ಲಿ ತಂತಿಯನ್ನು ಕಡಿಯುತ್ತದೆ. ಮೂಲೆಗಳನ್ನು ಓರೆಯಾಗಿ ಕತ್ತರಿಸದಿದ್ದರೆ ಚೂಪು ಅಂಚು ಇನ್ಸುಲೇಷನ್ನನ್ನು ಸವೆಸುತ್ತದೆ. ನಡುಗೆರೆ ಇರುವ ಮಾದರಿಯನ್ನೇ ಕೇಳಿ, ಬೈಕು ಲೇನಿನ ಮಧ್ಯದಲ್ಲಿ ನಿಂತರೂ ಸಿಗುತ್ತದೆ.

ಮಳೆಗಾಲದಲ್ಲಿ ಲೂಪ್‌ ಕೆಡುವುದು ಹೆಚ್ಚಾಗಿ ರಸ್ತೆಯಲ್ಲಲ್ಲ, ಬದಿಯ ನೆಲದೊಳಗಿನ ಗುಂಡಿಯಾದ ಛೇಂಬರಿನಲ್ಲಿ. ಲೂಪಿನ ತಂತಿಯನ್ನು ಪೆಟ್ಟಿಗೆಯ ಕೇಬಲ್ಲಿಗೆ ಜೋಡಿಸಿದ ಗಂಟು ಅಲ್ಲಿರುತ್ತದೆ. ಬರೀ ಟೇಪ್‌ ಸುತ್ತಿ ಬಿಟ್ಟರೆ ನೀರು ನುಗ್ಗಿ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಆಗ ವಾಹನ ಇಲ್ಲದಾಗ ಇದೆ ಎನ್ನುತ್ತದೆ, ಇದ್ದಾಗ ಸುಮ್ಮನಿರುತ್ತದೆ. ಬೆಸುಗೆ ಹಾಕಿ ರಾಳ ತುಂಬಿದ ಜೋಡಣೆ ಬೇಕು. ಲೂಪಿನಿಂದ ಛೇಂಬರಿಗೆ ಬರುವ ಎರಡು ತಂತಿಗಳನ್ನು ಮೀಟರಿಗೆ 16 ಸುತ್ತಿನಷ್ಟು ಒಂದಕ್ಕೊಂದು ಹೊಸೆದಿರಬೇಕು, ಇಲ್ಲವಾದರೆ ಪಕ್ಕದ ಲೂಪಿನ ಸಂಕೇತ ಇದರಲ್ಲಿ ಬೆರೆಯುತ್ತದೆ. ಇನ್ಸುಲೇಷನ್‌ ಪರೀಕ್ಷಿಸುವ 500 ವೋಲ್ಟಿನ ಮೆಗ್ಗರ್‌ ಹಚ್ಚಿದಾಗ ತಂತಿಗೂ ನೆಲಕ್ಕೂ ನಡುವೆ 100 ಮೆಗಾಓಮ್‌ಗಿಂತ ಹೆಚ್ಚು ತೋರಿಸಬೇಕು. 1.8 ಮೀಟರಿನ ಮೂರು ಸುತ್ತಿನ ಚೌಕವಾದರೆ ಇಂಡಕ್ಟನ್ಸ್‌ ಸುಮಾರು 75 ಮೈಕ್ರೋಹೆನ್ರಿ ಬರುತ್ತದೆ. ಈ ಎರಡು ಅಂಕೆಗಳನ್ನು ಪೆಟ್ಟಿಗೆಯ ಬಾಗಿಲ ಒಳಗೆ ಚೀಟಿ ಅಂಟಿಸಿ ಇಡಲಿ. ಮುಂದಿನ ಮಳೆಗಾಲದಲ್ಲಿ ಪುನಃ ಅಳೆದಾಗ ಹೋಲಿಸಲು ಬೇಕಾಗುತ್ತದೆ.

ಆಮೇಲೆ ಪೈಪಿಗೋ ಕೇಬಲ್ಲಿಗೋ ರಸ್ತೆ ಅಗೆದರೆ ಲೂಪ್‌ ತುಂಡಾಗುವುದು ಖಂಡಿತ. ಅಗೆದವರೇ ಅದನ್ನು ಹೊಸದಾಗಿ ಹಾಕಿಸಿಕೊಡಬೇಕೆಂಬ ಷರತ್ತು ಅಗೆಯುವ ಅನುಮತಿಯಲ್ಲೇ ಇರಲಿ.

ಕೆಟ್ಟಾಗ ಸಂಚಾರ ಠಾಣೆಗೆ ದೂರು ಕೊಡುವಾಗ "ಸಿಗ್ನಲ್‌ ಸರಿಯಿಲ್ಲ" ಎಂದಷ್ಟೇ ಬರೆದರೆ ಬಂದ ತಂತ್ರಜ್ಞ ಕಾರಿನಲ್ಲಿ ನಿಂತು ನೋಡಿ, ಸರಿಯಿದೆ ಎಂದು ಹೋಗುತ್ತಾನೆ. ಯಾವ ರಸ್ತೆಯಿಂದ ಯಾವ ಕಡೆಗೆ, ಎಷ್ಟನೇ ಲೇನು, ಗೆರೆಯಿಂದ ಎಷ್ಟು ದೂರ ನಿಂತಿದ್ದಿರಿ, ದಿನ ಮತ್ತು ಗಂಟೆ, ಮಳೆ ಇತ್ತೋ ಇಲ್ಲವೋ, ಎಷ್ಟು ಸುತ್ತು ಕಾದಿರಿ, ಕಾರು ಬಂದ ಮೇಲೆ ಬದಲಾಯಿತೇ – ಇಷ್ಟನ್ನೂ ಬರೆಯಿರಿ. ಕಾರು ಬಂದರೆ ಸಿಗ್ನಲ್‌ ಬದಲಾಗುತ್ತದೆ, ಬೈಕಿಗೆ ಮಾತ್ರ ಬದಲಾಗುವುದಿಲ್ಲ ಎಂದಾದರೆ ಸೂಕ್ಷ್ಮತೆ ಏರಿಸಬೇಕು, ಅದು ಪೆಟ್ಟಿಗೆಯ ಮುಂದೆ ಕೆಲವೇ ನಿಮಿಷದ ಕೆಲಸ. ಕಾರಿಗೂ ಆಗದಿದ್ದರೆ ತಂತಿ ಕಡಿದಿರಬಹುದು ಅಥವಾ ಛೇಂಬರಿಗೆ ನೀರು ಇಳಿದಿರಬಹುದು, ಮೆಗ್ಗರ್‌ ತಂದೇ ನೋಡಬೇಕು.